ಅಗ್ಗದ ಡಿವಿಡಿ ರೆಕಾರ್ಡರ್: ಕೊಳ್ಳುವುದು ಲಾಭವೇ, ಕೆಲಸವನ್ನು ಹೊರಗೆ ಕೊಡುವುದು ಲಾಭವೇ?

ರಾಜ್ಯದ ಹಳೆಯ ವ್ಯಾಪಾರಿ ಮನೆತನಗಳ ಕಪಾಟುಗಳಲ್ಲಿ ಇಂದಿಗೂ ವಿಎಚ್‌ಎಸ್ ಕ್ಯಾಸೆಟ್‌ಗಳ ಸಾಲು ಕಾಣಸಿಗುತ್ತದೆ. ಮಕ್ಕಳ ಮದುವೆ, ಮಳಿಗೆಯ ಪ್ರಾರಂಭೋತ್ಸವ, ಗಿರಣಿಯಲ್ಲಿ ಹೊಸ ಯಂತ್ರ ಕೂರಿಸಿದ ದಿನದ ಪೂಜೆ, ಸಂಸ್ಥೆಯ ಬೆಳ್ಳಿ ಹಬ್ಬದಲ್ಲಿ ಸಂಸ್ಥಾಪಕರು ಮಾಡಿದ ಭಾಷಣ ಇವೆಲ್ಲವೂ ಸುಮಾರು 1985ರಿಂದ 2005ರವರೆಗಿನ ಅವಧಿಯಲ್ಲಿ ಹೆಚ್ಚಾಗಿ ಕ್ಯಾಸೆಟ್‌ಗಳಲ್ಲಿಯೇ ದಾಖಲಾದವು. ಅವನ್ನು ನೋಡಲು ಬೇಕಾದ ವಿಸಿಆರ್ ಈಗ ಅನೇಕ ಮನೆಗಳಲ್ಲಿ ಇಲ್ಲ. ಇದ್ದರೂ ಕೆಲಸ ಮಾಡುವುದಿಲ್ಲ. ಇಂತಹ ಸಂದರ್ಭದಲ್ಲಿ ಕ್ಯಾಸೆಟ್‌ನಿಂದ ಡಿಸ್ಕಿಗೆ ನೇರವಾಗಿ ಪ್ರತಿ ತೆಗೆಯಬಲ್ಲ, ಒಮ್ಮೆ ಬಳಸಿದ ಡಿವಿಡಿ ರೆಕಾರ್ಡರೊಂದು ಕಡಿಮೆ ಬೆಲೆಗೆ ಸಿಗುತ್ತದೆ ಎಂದು ತಿಳಿದಾಗ ಕೊಳ್ಳುವ ಆಸೆ ಮೂಡುವುದು ಸಹಜ. ಈ ನಿರ್ಧಾರವನ್ನು ಆಸೆಯ ಮೇಲೆ ಬಿಡದೆ ಲೆಕ್ಕದ ಮೇಲೆ ನಿಲ್ಲಿಸುವುದು ಹೇಗೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಯಂತ್ರದ ಹಿನ್ನೆಲೆ

ಮನೆಬಳಕೆಯ ಮೊದಲ ಡಿವಿಡಿ ರೆಕಾರ್ಡರನ್ನು ಪಯೋನಿಯರ್ ಸಂಸ್ಥೆಯು 1999ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿತು. ಆಗ ಅದರ ಬೆಲೆ 2,50,000 ಯೆನ್. ಮುಂದಿನ ಕೆಲವೇ ವರ್ಷಗಳಲ್ಲಿ ಬೆಲೆಗಳು ವೇಗವಾಗಿ ಇಳಿದು, 2000ರ ದಶಕದ ಮಧ್ಯಭಾಗದ ಹೊತ್ತಿಗೆ ಮಧ್ಯಮ ವರ್ಗದ ಗ್ರಾಹಕರನ್ನೇ ಗುರಿಯಾಗಿಸಿಕೊಂಡ ಅಗ್ಗದ ಮಾದರಿಗಳು ಬಂದವು. ಆದರೆ ತಯಾರಕರ ನಡುವೆ ಒಮ್ಮತ ಇರಲಿಲ್ಲ. ಒಂದು ಗುಂಪು ಡಿವಿಡಿ ಮೈನಸ್ ಆರ್ ಮತ್ತು ಮೈನಸ್ ಆರ್‌ಡಬ್ಲ್ಯು, ಇನ್ನೊಂದು ಗುಂಪು ಪ್ಲಸ್ ಆರ್ ಮತ್ತು ಪ್ಲಸ್ ಆರ್‌ಡಬ್ಲ್ಯು, ಮತ್ತೆ ಕೆಲವರು ಡಿವಿಡಿ ರ‍್ಯಾಮ್ ಎಂಬ ಬೇರೆ ಬೇರೆ ಡಿಸ್ಕ್‌ಗಳನ್ನು ಬೆಂಬಲಿಸಿದರು. ಒಂದು ಯಂತ್ರಕ್ಕೆ ಒಗ್ಗುವ ಡಿಸ್ಕ್ ಇನ್ನೊಂದಕ್ಕೆ ಒಗ್ಗದೆ ಗ್ರಾಹಕರು ಗೊಂದಲಕ್ಕೊಳಗಾದರು. ಈ ಗೊಂದಲದ ಪರಿಣಾಮ ಇಂದಿಗೂ ಮುಗಿದಿಲ್ಲ. ಹಳೆಯ ಯಂತ್ರ ಕೊಳ್ಳುವವರು ಅದು ಯಾವ ಡಿಸ್ಕನ್ನು ಒಪ್ಪುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

ರೆಕಾರ್ಡರನ್ನು ಕೊಳ್ಳಲು ಆ ದಿನಗಳಲ್ಲಿ ಎರಡು ಕಾರಣಗಳಿದ್ದವು. ಮೊದಲನೆಯದು ಟಿ.ವಿ. ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವುದು. ಎರಡನೆಯದು ಹಳೆಯ ಕ್ಯಾಸೆಟ್‌ಗಳನ್ನು ಡಿಸ್ಕಿಗೆ ವರ್ಗಾಯಿಸುವುದು. ಮೊದಲ ಕಾರಣ ಈಗ ಉಳಿದಿಲ್ಲ. ಈ ಯಂತ್ರಗಳಲ್ಲಿದ್ದದ್ದು ಸಾಮಾನ್ಯವಾಗಿ ಅನಲಾಗ್ ಟ್ಯೂನರ್. ಕೇಬಲ್ ಪ್ರಸಾರದ ಡಿಜಿಟಲೀಕರಣದ ಎರಡನೆಯ ಹಂತದಲ್ಲಿ ಬೆಂಗಳೂರು ಮತ್ತು ಮೈಸೂರು ಸೇರಿದಂತೆ 38 ನಗರಗಳಿಗೆ 2013ರ ಮಾರ್ಚ್ 31ರ ಗಡುವು ವಿಧಿಸಲಾಗಿತ್ತು. ನಂತರದ ಹಂತಗಳಲ್ಲಿ ಉಳಿದ ಪಟ್ಟಣಗಳೂ ಹಳ್ಳಿಗಳೂ ಆ ವ್ಯಾಪ್ತಿಗೆ ಬಂದವು. ಹೀಗಾಗಿ ಹಳೆಯ ರೆಕಾರ್ಡರಿನ ಟ್ಯೂನರ್‌ಗೆ ಬೆಲೆ ಕಟ್ಟಬೇಕಾದ ಅಗತ್ಯವಿಲ್ಲ. ಮಾರುವವನು ಅದನ್ನು ಒಂದು ವಿಶೇಷವೆಂದು ಹೇಳಿದರೂ ಕೊಳ್ಳುವವನು ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಾಗಿಲ್ಲ. ಉಳಿದಿರುವುದು ಎರಡನೆಯ ಕಾರಣ ಮಾತ್ರ. ಆದ್ದರಿಂದ ಮನೆಯಲ್ಲಿ ಹಾಗೂ ಕಚೇರಿಯಲ್ಲಿ ಪ್ರತಿ ತೆಗೆಯಬೇಕಾದ ಕ್ಯಾಸೆಟ್‌ಗಳು ಎಷ್ಟಿವೆ ಎಂಬ ಎಣಿಕೆಯಿಂದಲೇ ಈ ಲೆಕ್ಕ ಆರಂಭವಾಗಬೇಕು.

ಮುಂದೂಡಲಾಗದ ಕೆಲಸ

ಸಾಮಾನ್ಯವಾಗಿ ಯಂತ್ರದ ಖರೀದಿಯನ್ನು ಒಂದು ವರ್ಷ ಮುಂದೂಡಿದರೆ ಬೆಲೆ ಇಳಿಯುತ್ತದೆ, ಉತ್ತಮ ಮಾದರಿ ಬರುತ್ತದೆ. ಇಲ್ಲಿ ಸ್ಥಿತಿ ತಿರುವುಮುರುವಾಗಿದೆ. ಜಪಾನಿನ ಫುನಾಯ್ ಸಂಸ್ಥೆಯು 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಹೊಸ ಯಂತ್ರಗಳ ಪೂರೈಕೆಯೇ ನಿಂತುಹೋಯಿತು. ಜಗತ್ತಿನ ಪ್ರಮುಖ ಡಿಸ್ಕ್ ತಯಾರಕರಲ್ಲಿ ಒಂದಾಗಿದ್ದ ನಮ್ಮ ದೇಶದ ಮೋಸರ್ ಬೇರ್ ಸಂಸ್ಥೆಯು ದಿವಾಳಿ ಪ್ರಕ್ರಿಯೆಗೆ ಒಳಪಟ್ಟು, 2018ರಲ್ಲಿ ಅದರ ಸಮಾಪನಕ್ಕೆ ಆದೇಶವಾಯಿತು. ಸೋನಿ ಸಂಸ್ಥೆಯು ಮುದ್ರಿಸಬಹುದಾದ ಬ್ಲೂ-ರೇ ಡಿಸ್ಕ್ ಹಾಗೂ ಮಿನಿ ಡಿವಿ ಕ್ಯಾಸೆಟ್‌ಗಳ ತಯಾರಿಕೆಯನ್ನು 2025ರ ಫೆಬ್ರುವರಿಯಲ್ಲಿ ಕೊನೆಗೊಳಿಸಿತು. ಯಂತ್ರ, ಬಿಡಿಭಾಗ, ಡಿಸ್ಕ್ ಹಾಗೂ ರಿಪೇರಿ ಬಲ್ಲ ಕುಶಲಕರ್ಮಿ ಈ ನಾಲ್ಕೂ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿವೆ.

ಕ್ಯಾಸೆಟ್ ಸಹ ಕಾಯುವ ವಸ್ತುವಲ್ಲ. ಅದರೊಳಗಿನ ಟೇಪು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಕಾಂತೀಯ ಪುಡಿಯ ಲೇಪ. ತೇವಾಂಶದಿಂದ ಅಂಟು ಸಡಿಲವಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲವನ್ನು ಮೂವತ್ತು ಬಾರಿ ಕಂಡ ಕ್ಯಾಸೆಟ್‌ನ ಕಿಟಕಿಯಲ್ಲಿ ಬಿಳಿಯ ಪುಡಿ ಕಂಡುಬರುವುದು ಅಪರೂಪವಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು 2015ರಲ್ಲಿಯೇ ಒಂದು ಎಚ್ಚರಿಕೆ ನೀಡಿ, 2025ರೊಳಗೆ ಡಿಜಿಟಲ್ ರೂಪಕ್ಕೆ ತಾರದ ಕಾಂತೀಯ ಟೇಪುಗಳಲ್ಲಿ ಬಹುಪಾಲು ಕಳೆದುಹೋಗುವ ಸಂಭವವಿದೆ ಎಂದಿತ್ತು. ಆ ಗಡುವು ಈಗ ಹಿಂದೆ ಸರಿದಿದೆ. ಟೇಪುಗಳೆಲ್ಲ ಒಂದೇ ದಿನ ಹಾಳಾಗುವುದಿಲ್ಲ ನಿಜ; ಆದರೆ ಸಂಸ್ಥಾಪಕರ ಧ್ವನಿ ಇರುವ ಏಕೈಕ ಟೇಪು ಯಾವ ವರ್ಷ ಹಾಳಾಗುತ್ತದೆ ಎಂದು ಯಾರೂ ಹೇಳಲಾರರು. ಈ ಲೆಕ್ಕದಲ್ಲಿ ವಿಳಂಬಕ್ಕೂ ಒಂದು ವೆಚ್ಚವಿದೆ ಎಂಬುದನ್ನು ಮರೆಯಬಾರದು.

ಕೊಳ್ಳುವ ಮುನ್ನ ಪರೀಕ್ಷಿಸಬೇಕಾದ ಅಂಶಗಳು

ಹೊಸ ಡಿವಿಡಿ ರೆಕಾರ್ಡರ್‌ಗಳು ಸಾಮಾನ್ಯ ಮಳಿಗೆಗಳಲ್ಲಿ ದೊರೆಯುವುದಿಲ್ಲವಾದ್ದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿಯೋ, ಪರಿಚಿತ ಸ್ಟುಡಿಯೋದವರಲ್ಲಿಯೋ ಹಳೆಯ ಯಂತ್ರವನ್ನು ಹುಡುಕಬೇಕಾಗುತ್ತದೆ. ಅಗ್ಗದ ಯಂತ್ರವೆಂದ ಮಾತ್ರಕ್ಕೆ ಅದು ಕಳಪೆಯಲ್ಲ. ಆದರೆ ಕೆಳಗಿನ ಅಂಶಗಳನ್ನು ಅಂಗಡಿಯಲ್ಲಿಯೇ ನಿಂತು ಪರೀಕ್ಷಿಸುವುದು ಅಗತ್ಯ.

1. ಯಂತ್ರದ ಬಗೆ: ಕೆಲವು ರೆಕಾರ್ಡರ್‌ಗಳಲ್ಲಿ ಡಿಸ್ಕಿನ ಭಾಗ ಮಾತ್ರ ಇರುತ್ತದೆ, ಅವುಗಳಿಗೆ ಬೇರೆ ವಿಸಿಆರ್ ಜೋಡಿಸಬೇಕು. ಇನ್ನು ಕೆಲವು ಕಾಂಬೋ ಮಾದರಿಗಳಲ್ಲಿ ವಿಸಿಆರ್ ಮತ್ತು ರೆಕಾರ್ಡರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಕಾಂಬೋ ಅನುಕೂಲಕರ, ಆದರೆ ಒಂದು ಭಾಗ ಕೆಟ್ಟರೆ ಇಡೀ ಪೆಟ್ಟಿಗೆಯೇ ರಿಪೇರಿಗೆ ಹೋಗಬೇಕು.

2. ಪಾಲ್ ಪದ್ಧತಿ: ಭಾರತದ ಕ್ಯಾಸೆಟ್‌ಗಳು ಪಾಲ್ ಪದ್ಧತಿಯವು. ಅಮೆರಿಕದಿಂದ ಬಂಧುಗಳು ತಂದ ಯಂತ್ರ ಎನ್‌ಟಿಎಸ್‌ಸಿ ಪದ್ಧತಿಯದಾಗಿದ್ದರೆ ಎಷ್ಟೇ ಅಗ್ಗವಾದರೂ ಈ ಕೆಲಸಕ್ಕೆ ಬಾರದು.

3. ಮುದ್ರಿಸುವ ಸಾಮರ್ಥ್ಯ: ಡಿಸ್ಕ್ ಓದುವುದಕ್ಕೂ ಬರೆಯುವುದಕ್ಕೂ ವ್ಯತ್ಯಾಸವಿದೆ. ಬರೆಯಲು ಲೇಸರ್‌ಗೆ ಹೆಚ್ಚಿನ ಶಕ್ತಿ ಬೇಕು. ಸಿನಿಮಾ ಡಿಸ್ಕನ್ನು ಚೆನ್ನಾಗಿ ತೋರಿಸುವ ಯಂತ್ರವೂ ಬರೆಯುವಾಗ ಸೋಲಬಹುದು. ಖಾಲಿ ಡಿಸ್ಕೊಂದನ್ನು ಜೊತೆಗೆ ಒಯ್ದು ಹತ್ತು ನಿಮಿಷ ಮುದ್ರಿಸಿಯೇ ನೋಡಬೇಕು.

4. ಫೈನಲೈಸ್ ಕ್ರಿಯೆ: ರೆಕಾರ್ಡರಿನಲ್ಲಿ ಬರೆದ ಡಿಸ್ಕನ್ನು ಬೇರೆ ಪ್ಲೇಯರುಗಳು ಓದಬೇಕಾದರೆ ಕೊನೆಯಲ್ಲಿ ಫೈನಲೈಸ್ ಮಾಡಬೇಕು. ಫೈನಲೈಸ್ ಮಾಡದೆ ಇಟ್ಟ ಡಿಸ್ಕ್‌ಗಳಿರುವಾಗ ಯಂತ್ರ ಕೆಟ್ಟುಹೋದರೆ ಆ ಡಿಸ್ಕ್‌ಗಳನ್ನು ಓದುವುದು ಬಹಳ ಕಷ್ಟವಾಗುತ್ತದೆ. ಪರೀಕ್ಷೆಯ ಡಿಸ್ಕನ್ನೂ ಫೈನಲೈಸ್ ಮಾಡಿಸಿ ಬೇರೆ ಪ್ಲೇಯರಿನಲ್ಲಿ ಹಾಕಿ ನೋಡುವುದು ಜಾಣತನ.

5. ರಿಮೋಟ್: ಅನೇಕ ಮಾದರಿಗಳಲ್ಲಿ ಫೈನಲೈಸ್, ಮುದ್ರಣದ ಗುಣಮಟ್ಟ ಮುಂತಾದ ಆಯ್ಕೆಗಳು ರಿಮೋಟ್‌ನಿಂದ ಮಾತ್ರ ಸಾಧ್ಯ. ರಿಮೋಟ್ ಇಲ್ಲದ ರೆಕಾರ್ಡರ್ ಬೀಗದ ಕೈ ಇಲ್ಲದ ತಿಜೋರಿಯಂತೆ.

6. ಮುದ್ರಣದ ಅವಧಿ: 4.7 ಜಿಬಿ ಸಾಮರ್ಥ್ಯದ ಒಂದು ಡಿಸ್ಕಿನಲ್ಲಿ ಉತ್ತಮ ಗುಣಮಟ್ಟದಲ್ಲಿ 1 ಗಂಟೆ, ಸಾಧಾರಣ ಗುಣಮಟ್ಟದಲ್ಲಿ 2 ಗಂಟೆ, ಕಡಿಮೆ ಗುಣಮಟ್ಟದಲ್ಲಿ 4 ಗಂಟೆಯಿಂದ 6 ಗಂಟೆಯವರೆಗೆ ಮುದ್ರಿಸಬಹುದು. ಇ-180 ಕ್ಯಾಸೆಟ್‌ನ ಅವಧಿ 3 ಗಂಟೆ. ಸಾಧಾರಣ ಗುಣಮಟ್ಟಕ್ಕೆ ಒಂದು ಕ್ಯಾಸೆಟ್‌ಗೆ 2 ಡಿಸ್ಕ್ ಬೇಕಾಗುತ್ತದೆ. ಡಿಸ್ಕ್ ಉಳಿಸುವ ಸಲುವಾಗಿ 6 ಗಂಟೆಯ ಆಯ್ಕೆಗೆ ಹೋದರೆ ಉಳಿಯುವುದು ಕೆಲವು ರೂಪಾಯಿ, ಹೋಗುವುದು ಚಿತ್ರದ ಸ್ಪಷ್ಟತೆ.

ಇವುಗಳ ಜೊತೆಗೆ ಕ್ಯಾಸೆಟ್‌ಗಳನ್ನೂ ವಿಂಗಡಿಸಬೇಕು. ಬೂಷ್ಟು ಹಿಡಿದ ಒಂದು ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದರೆ ಅದು ಹೆಡ್ಡನ್ನು ಕೊಳೆ ಮಾಡುವುದಲ್ಲದೆ, ಅನಂತರ ಹಾಕಿದ ಒಳ್ಳೆಯ ಕ್ಯಾಸೆಟ್‌ಗಳಿಗೂ ಅಂಟುತ್ತದೆ. ಅಂತಹವನ್ನು ಬೇರೆಯಾಗಿಟ್ಟು ಬಲ್ಲವರಿಂದ ಶುಚಿ ಮಾಡಿಸಬೇಕು. ಸಿನಿಮಾ ಕ್ಯಾಸೆಟ್‌ಗಳನ್ನು ಎಣಿಕೆಯಿಂದಲೇ ಬಿಡುವುದು ಒಳಿತು; ಅನೇಕ ಚಿತ್ರಗಳಲ್ಲಿ ಪ್ರತಿ ತೆಗೆಯುವುದನ್ನು ತಡೆಯುವ ಸಂಕೇತ ಅಡಕವಾಗಿರುತ್ತದೆ, ಮತ್ತು ಅವುಗಳ ಪ್ರತಿಗಳನ್ನು ಮಾರುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಉಲ್ಲಂಘನೆಯಾಗುತ್ತದೆ.

ಮೂರು ದಾರಿಗಳ ತುಲನೆ

ಕ್ಯಾಸೆಟ್‌ಗಳನ್ನು ಉಳಿಸಲು ಮೂರು ದಾರಿಗಳಿವೆ. ಒಂದು, ಕಾಂಬೋ ರೆಕಾರ್ಡರ್ ಕೊಂಡು ಮನೆಯಲ್ಲಿಯೇ ಪ್ರತಿ ತೆಗೆಯುವುದು. ಎರಡು, ಹಳೆಯ ವಿಸಿಆರ್ ಹಾಗೂ ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಕ್ಯಾಪ್ಚರ್ ಉಪಕರಣ ಕೊಂಡು ನೇರವಾಗಿ ಹಾರ್ಡ್ ಡಿಸ್ಕಿಗೆ ಇಳಿಸುವುದು. ಮೂರು, ಕೆಲಸವನ್ನು ಸ್ಟುಡಿಯೋಗೆ ಕೊಡುವುದು. ಕೆಳಗಿನ ಮೊತ್ತಗಳು ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿಕೊಂಡವು ಮಾತ್ರ. ಓದುಗರು ತಮ್ಮ ಊರಿನ ದರಗಳನ್ನು ಆ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಸ್ಟುಡಿಯೋದ ದರ ಕ್ಯಾಸೆಟ್ ಒಂದಕ್ಕೆ ರೂ. 350 ಎಂದಿರಲಿ. ಕಾಂಬೋ ಯಂತ್ರದ ಬೆಲೆ ರೂ. 9,000, ಶುಚಿ ಹಾಗೂ ಸರ್ವಿಸ್‌ಗೆ ರೂ. 1,000, ಒಟ್ಟು ರೂ. 10,000. ಕೆಲಸ ಮುಗಿದ ಮೇಲೆ ರೂ. 3,000ಕ್ಕೆ ಮಾರಿದರೆ ನಿವ್ವಳ ಸ್ಥಿರ ವೆಚ್ಚ ರೂ. 7,000. ಪ್ರತಿ ಕ್ಯಾಸೆಟ್‌ಗೆ 2 ಡಿಸ್ಕ್‌ಗೆ ರೂ. 60, ಹಾಕಿ ತೆಗೆದು ಹೆಸರು ಬರೆಯುವ ಕೆಲಸಗಾರನ ಸಮಯಕ್ಕೆ ರೂ. 50, ಹೀಗೆ ಬದಲಾಗುವ ವೆಚ್ಚ ರೂ. 110. ಅಂದರೆ ಸ್ಟುಡಿಯೋಗೆ ಹೋಲಿಸಿದರೆ ಪ್ರತಿ ಕ್ಯಾಸೆಟ್‌ಗೆ ಉಳಿತಾಯ ರೂ. 240. ಸ್ಥಿರ ವೆಚ್ಚ 7,000ವನ್ನು 240ರಿಂದ ಭಾಗಿಸಿದರೆ 29ಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಆದ್ದರಿಂದ 30ನೆಯ ಕ್ಯಾಸೆಟ್‌ನಿಂದ ಮಾತ್ರ ಯಂತ್ರ ಲಾಭ ತರಲು ಆರಂಭಿಸುತ್ತದೆ.

ಆದರೆ ಹಳೆಯ ಯಂತ್ರವು ಕೆಲಸ ಮುಗಿಯುವ ಹೊತ್ತಿಗೆ ಗುಜರಿಗೆ ಹೋಗುವ ಸ್ಥಿತಿ ತಲುಪಬಹುದು. ಮರುಮಾರಾಟದ ಬೆಲೆ ಸೊನ್ನೆ ಎಂದು ಭಾವಿಸಿದರೆ 10,000ವನ್ನು 240ರಿಂದ ಭಾಗಿಸಬೇಕು; ಆಗ ಸಮತೋಲನದ ಸಂಖ್ಯೆ 42 ಕ್ಯಾಸೆಟ್‌ಗಳಿಗೆ ಏರುತ್ತದೆ. ಎಚ್ಚರಿಕೆಯ ವ್ಯಾಪಾರಿ ಈ ಎರಡನೆಯ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು.

12 ಕ್ಯಾಸೆಟ್‌ಗಳಿರುವ ಮನೆಯನ್ನು ತೆಗೆದುಕೊಳ್ಳೋಣ. ಸ್ಟುಡಿಯೋಗೆ ಕೊಟ್ಟರೆ ರೂ. 4,200. ಯಂತ್ರ ಕೊಂಡರೆ, ಮರುಮಾರಾಟವಾದರೂ, 7,000 ಮತ್ತು 1,320 ಸೇರಿ ರೂ. 8,320. ಇಲ್ಲಿ ಯಂತ್ರ ಕೊಳ್ಳುವುದು ಸುಮಾರು ದುಪ್ಪಟ್ಟು ವೆಚ್ಚ. ಅದೇ 60 ಕ್ಯಾಸೆಟ್‌ಗಳಿದ್ದರೆ ಸ್ಟುಡಿಯೋಗೆ ರೂ. 21,000, ಯಂತ್ರಕ್ಕೆ ರೂ. 13,600, ಮರುಮಾರಾಟವಾಗದಿದ್ದರೆ ರೂ. 16,600. ಎರಡೂ ಪ್ರಸಂಗಗಳಲ್ಲಿ ಯಂತ್ರವೇ ಅಗ್ಗ.

ಎರಡನೆಯ ದಾರಿಗೆ ವಿಸಿಆರ್ ರೂ. 4,000, ಸರ್ವಿಸ್ ರೂ. 1,000, ಕ್ಯಾಪ್ಚರ್ ಉಪಕರಣ ರೂ. 2,000 ಎಂದಿಟ್ಟುಕೊಂಡು ರೂ. 2,000 ಮರಳಿ ಬಂದರೆ ನಿವ್ವಳ ರೂ. 5,000. ಡಿಸ್ಕಿನ ವೆಚ್ಚವಿಲ್ಲ; ಆದರೆ ಕಂಪ್ಯೂಟರಿನ ಬಳಿ ಹೆಚ್ಚು ಹೊತ್ತು ಕೂರಬೇಕಾದುದರಿಂದ ಸಮಯದ ವೆಚ್ಚ ರೂ. 150. ಉಳಿತಾಯ ಕ್ಯಾಸೆಟ್‌ಗೆ ರೂ. 200, ಸಮತೋಲನ 25 ಕ್ಯಾಸೆಟ್. ಸಂಖ್ಯೆ ಆಕರ್ಷಕವಾಗಿ ಕಂಡರೂ, ತೀರ ಅಗ್ಗದ ಕ್ಯಾಪ್ಚರ್ ಉಪಕರಣಗಳಲ್ಲಿ ಚಿತ್ರಕ್ಕೂ ಧ್ವನಿಗೂ ಕ್ರಮೇಣ ತಾಳ ತಪ್ಪುವ ದೋಷವಿದೆ. ಹಳೆಯ ಟೇಪಿನ ನಡುಗುವ ಸಂಕೇತವನ್ನು ಕೆಲವು ಡಿವಿಡಿ ರೆಕಾರ್ಡರ್‌ಗಳು ಸ್ಥಿರಗೊಳಿಸುವುದರಿಂದ, ಬಲ್ಲವರು ಅವನ್ನು ವಿಸಿಆರ್ ಮತ್ತು ಕಂಪ್ಯೂಟರಿನ ಮಧ್ಯೆ ಜೋಡಿಸುವುದೂ ಉಂಟು. ಕಂಪ್ಯೂಟರ್ ಬಳಕೆಯಲ್ಲಿ ಪಳಗಿದ ಕಿರಿಯರು ಮನೆಯಲ್ಲಿದ್ದರೆ ಮಾತ್ರ ಈ ದಾರಿ ಸೂಕ್ತ.

ಮೊದಲ ಎರಡೂ ದಾರಿಗಳಲ್ಲಿ ಒಂದು ಮಿತಿಯನ್ನು ಗಮನಿಸಬೇಕು. 3 ಗಂಟೆಯ ಕ್ಯಾಸೆಟ್ ಪ್ರತಿಯಾಗಲು 3 ಗಂಟೆಯೇ ಬೇಕು, ವೇಗ ಹೆಚ್ಚಿಸಲಾಗದು. 60 ಪೂರ್ಣ ಕ್ಯಾಸೆಟ್‌ಗಳಿಗೆ 180 ಗಂಟೆ. ದಿನಕ್ಕೊಂದರಂತೆ ಮಾಡಿದರೂ ಎರಡು ತಿಂಗಳು. ಆರಂಭದ ಉತ್ಸಾಹದಲ್ಲಿ ಯಂತ್ರ ಕೊಂಡು ಐದು ಕ್ಯಾಸೆಟ್ ಮುಗಿಸಿ ನಿಲ್ಲಿಸಿದರೆ, ಉಳಿದ 55 ಕ್ಯಾಸೆಟ್‌ಗಳ ಜೊತೆ ಯಂತ್ರವೂ ಕಪಾಟು ಸೇರುತ್ತದೆ. ಕೆಲಸವನ್ನು ಮುಗಿಸುವ ವ್ಯಕ್ತಿ ಯಾರು ಎಂಬುದು ಯಂತ್ರದ ಬೆಲೆಗಿಂತ ದೊಡ್ಡ ಪ್ರಶ್ನೆ.

ಲೆಕ್ಕಪುಸ್ತಕ ಮತ್ತು ತೆರಿಗೆ

ಸಣ್ಣ ಉದ್ದಿಮೆಗಳಲ್ಲಿ ಮನೆಯ ಖರೀದಿಯೂ ಅಂಗಡಿಯ ನಗದಿನಿಂದಲೇ ನಡೆಯುವುದುಂಟು. ಆದ್ದರಿಂದ ಕೆಲವು ವಿಷಯಗಳನ್ನು ಸ್ಪಷ್ಟಪಡಿಸುವುದು ಅಗತ್ಯ.

ಮದುವೆ, ನಾಮಕರಣಗಳ ಕ್ಯಾಸೆಟ್‌ಗಾಗಿ ಕೊಂಡ ಯಂತ್ರ ವ್ಯವಹಾರದ ವೆಚ್ಚವಲ್ಲ. ಅಂಗಡಿಯ ಹಣದಿಂದ ಕೊಂಡಿದ್ದರೆ ಮಾಲೀಕರ ಅಥವಾ ಪಾಲುದಾರರ ಡ್ರಾಯಿಂಗ್ಸ್ ಖಾತೆಗೆ ಬರೆಯಬೇಕು. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5) ಕಲಮಿನ ಪ್ರಕಾರ ಸ್ವಂತ ಬಳಕೆಯ ಸರಕಿನ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಯಂತ್ರ ಪ್ರತ್ಯಕ್ಷವಾಗಿ ಅಂಗಡಿಯಲ್ಲಿಯೇ ಇದ್ದರೂ ಬಳಕೆ ಯಾವುದಕ್ಕೆ ಎಂಬುದೇ ನಿರ್ಣಾಯಕ.

ಸಂಸ್ಥೆಯ ಸಮಾರಂಭ, ಯಂತ್ರ ಜೋಡಣೆ, ಕಾರ್ಮಿಕರ ತರಬೇತಿಯ ದಾಖಲೆಗಳಿಗೆ ಬಳಸಿದರೆ ಅದು ವ್ಯವಹಾರದ ಬಳಕೆ. ಆಗ ಯಂತ್ರವನ್ನು ಆಸ್ತಿಯಾಗಿ ತೋರಿಸಿ ಸವಕಳಿ ಪಡೆಯಬಹುದು. ಸಾಮಾನ್ಯ ಯಂತ್ರೋಪಕರಣಗಳ ಗುಂಪಿಗೆ ಹಲವು ವರ್ಷಗಳಿಂದ ಅನ್ವಯವಾಗುತ್ತ ಬಂದಿರುವ ದರ ಶೇ. 15, ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಬಳಕೆ ಮಿಶ್ರವಾಗಿದ್ದರೆ ಪಾಲು ಹಾಕಬೇಕು. 60 ಕ್ಯಾಸೆಟ್‌ಗಳಲ್ಲಿ 15 ಮಾತ್ರ ಸಂಸ್ಥೆಯದಾಗಿದ್ದರೆ ನಾಲ್ಕನೆಯ ಒಂದು ಭಾಗವನ್ನು ಮಾತ್ರ ವ್ಯವಹಾರಕ್ಕೆ ಸೇರಿಸುವುದು ನ್ಯಾಯವಾದ ಕ್ರಮ. ಕ್ಯಾಸೆಟ್‌ಗಳ ಪಟ್ಟಿಯನ್ನು ಬರೆದಿಟ್ಟುಕೊಂಡರೆ ಅದೇ ಆಧಾರವಾಗುತ್ತದೆ.

ಹಳೆಯ ಸರಕಿಗೆ ಅನೇಕ ವೇಳೆ ಬಿಲ್ ಇರುವುದಿಲ್ಲ. ತೆರಿಗೆ ಬಿಲ್ ಇಲ್ಲದೆ ತೆರಿಗೆ ಜಮೆ ಇಲ್ಲ. ಇದಲ್ಲದೆ, 2017ರ ಹಣಕಾಸು ಕಾಯ್ದೆಯ ಮೂಲಕ ಬಂದ ನಿಯಮದ ಪ್ರಕಾರ ಆಸ್ತಿಯ ಖರೀದಿಗಾಗಿ ಒಬ್ಬನಿಗೆ ಒಂದು ದಿನದಲ್ಲಿ ರೂ. 10,000 ಮೀರಿ ನಗದು ಕೊಟ್ಟರೆ ಆ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸುವಂತಿಲ್ಲ. ಅದರ ಮೇಲೆ ಸವಕಳಿಯೂ ಇಲ್ಲ. ಅಂಗಡಿಯವನು ನಗದು ಕೇಳಿ ಐದುನೂರು ರೂಪಾಯಿ ಕಡಿಮೆ ಮಾಡಿದಾಗ ಈ ನಷ್ಟವನ್ನೂ ಎದುರಿಗಿಟ್ಟು ನೋಡಬೇಕು. ಸಂಸ್ಥೆಯ ದಾಖಲೆಗಳ ಕೆಲಸವನ್ನು ಸ್ಟುಡಿಯೋಗೆ ಕೊಟ್ಟರೆ, ಬಿಲ್ ಸಂಸ್ಥೆಯ ಹೆಸರಿನಲ್ಲಿದ್ದಾಗ, ಅದು ಸಾಮಾನ್ಯವಾಗಿ ಆಯಾ ವರ್ಷದ ವೆಚ್ಚವಾಗಿಯೇ ಮುಗಿಯುತ್ತದೆ ಎಂಬುದು ಇನ್ನೊಂದು ಅನುಕೂಲ.

ನಿರ್ಧಾರದ ಕ್ರಮ

ಇಷ್ಟೆಲ್ಲದರಿಂದ ಹೊರಡುವ ಕ್ರಮ ಸರಳವಾದದ್ದು. ಮೊದಲು ಎಲ್ಲ ಕ್ಯಾಸೆಟ್‌ಗಳನ್ನು ಹೊರತೆಗೆದು ಪಟ್ಟಿ ಮಾಡಬೇಕು. ಸಿನಿಮಾ ಕ್ಯಾಸೆಟ್‌ಗಳನ್ನೂ ಒಂದೇ ಸಮಾರಂಭದ ಎರಡನೆಯ ಪ್ರತಿಗಳನ್ನೂ ಬಿಡಬೇಕು. ಉಳಿದ ಸಂಖ್ಯೆ ಸಮತೋಲನದ ಸಂಖ್ಯೆಗಿಂತ ಕಡಿಮೆಯಾದರೆ ಸ್ಟುಡಿಯೋಗೆ ಕೊಡುವುದೇ ಲಾಭ. ಹೆಚ್ಚಾಗಿದ್ದು, ಕೆಲಸ ಮುಗಿಸುವ ವ್ಯಕ್ತಿಯೂ ಮನೆಯಲ್ಲಿದ್ದರೆ, ಪರೀಕ್ಷಿಸಿದ ಅಗ್ಗದ ರೆಕಾರ್ಡರ್ ಒಳ್ಳೆಯ ಖರೀದಿ. ಸಂಖ್ಯೆ ನಡುವಿನದಾದರೆ ಬಂಧುಗಳು ಅಥವಾ ನೆರೆಯ ವರ್ತಕರು ಇಬ್ಬರು ಮೂವರು ಸೇರಿ ಒಂದೇ ಯಂತ್ರ ಕೊಂಡು ಸರದಿಯಂತೆ ಬಳಸಬಹುದು. ಸ್ಥಿರ ವೆಚ್ಚ ಹಂಚಿಹೋಗುತ್ತದೆ.

ಯಾವ ದಾರಿಯಾದರೂ ಅತಿ ಮುಖ್ಯವಾದ ಒಂದೆರಡು ಕ್ಯಾಸೆಟ್‌ಗಳನ್ನು, ಅಂದರೆ ಬೇರೆಲ್ಲಿಯೂ ಪ್ರತಿ ಇಲ್ಲದಂತಹವನ್ನು, ಹಳೆಯ ಯಂತ್ರದ ಪ್ರಯೋಗಕ್ಕೆ ಒಡ್ಡಬಾರದು. ಟೇಪು ಯಂತ್ರದಲ್ಲಿ ಸಿಕ್ಕಿಕೊಂಡು ಹರಿದರೆ ಉಳಿತಾಯದ ಲೆಕ್ಕಕ್ಕೆ ಅರ್ಥವಿಲ್ಲ. ಅವು ನುರಿತವರ ಕೈಗೇ ಹೋಗಲಿ.

ಡಿಸ್ಕ್ ಸಿದ್ಧವಾದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಮುದ್ರಿಸಿದ ಡಿಸ್ಕ್ ಬಣ್ಣದ ಲೇಪದ ಮೇಲೆ ನಿಂತಿರುತ್ತದೆ; ಬಿಸಿಲು ಮತ್ತು ಶಾಖದಿಂದ ಅದು ಹಾಳಾಗುತ್ತದೆ. ಡಿಸ್ಕ್ ಡ್ರೈವ್ ಇರುವ ಕಂಪ್ಯೂಟರುಗಳೂ ಕಡಿಮೆಯಾಗುತ್ತಿವೆ. ಆದ್ದರಿಂದ ಡಿಸ್ಕನ್ನು ಮಧ್ಯದ ತಂಗುದಾಣವೆಂದು ಭಾವಿಸಿ, ಅದರಲ್ಲಿರುವುದನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬೇಕು. 2 ಗಂಟೆಗೆ 4.7 ಜಿಬಿ ಎಂಬ ಲೆಕ್ಕದಲ್ಲಿ 60 ಪೂರ್ಣ ಕ್ಯಾಸೆಟ್‌ಗಳಿಗೆ ಸುಮಾರು 423 ಜಿಬಿ ಸ್ಥಳ ಸಾಕು. ಅದರ ಎರಡು ಪ್ರತಿ ಮಾಡಿ, ಒಂದನ್ನು ಮನೆಯಲ್ಲಿಯೂ ಇನ್ನೊಂದನ್ನು ಅಂಗಡಿಯಲ್ಲಿಯೂ ಇಡಬೇಕು. ಲೆಕ್ಕದ ಪುಸ್ತಕಗಳಿಗೆ ವರ್ತಕರು ವಹಿಸುವ ಎಚ್ಚರಿಕೆಯನ್ನೇ ಇದಕ್ಕೂ ವಹಿಸಿದರೆ, ಸಂಸ್ಥೆ ಕಟ್ಟಿದವರ ಮುಖವನ್ನೂ ಮಾತನ್ನೂ ಮುಂದಿನ ತಲೆಮಾರು ನೋಡಲು ಕೇಳಲು ಸಾಧ್ಯವಾಗುತ್ತದೆ.